ಅಸ್ತ್ರಕ್ಕೆ ಪ್ರತ್ಯಸ್ತ್ರವುಂಟೆ?

ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ಒಂದು ಕ್ರಮವುಂಟು. ಒಬ್ಬನು ಆಗ್ನೇಯಾಸ್ತ್ರವನ್ನು ಹೂಡಿದರೆ ಇನ್ನೊಬ್ಬನು ವಾರುಣಾಸ್ತ್ರದಿಂದ ಅದನ್ನು ತಣಿಸುತ್ತಾನೆ. ಮೇಘಾಸ್ತ್ರ ಕವಿದು ಬಂದರೆ ವಾಯವ್ಯಾಸ್ತ್ರ ಅದನ್ನು ಚದರಿಸುತ್ತದೆ. ಸರ್ಪಾಸ್ತ್ರಕ್ಕೆ ಗರುಡಾಸ್ತ್ರ ಸಿದ್ಧವಾಗಿಯೇ ಇರುತ್ತದೆ. ಓದುವವನ ಎದೆ ಒಂದು ಕ್ಷಣ ಝಲ್ಲೆಂದರೂ ಮರುಕ್ಷಣವೇ ನೆಮ್ಮದಿ. ಅಸ್ತ್ರವಿರುವಲ್ಲಿ ಪ್ರತ್ಯಸ್ತ್ರವೂ ಇದ್ದೇ ಇರುತ್ತದೆಂಬ ಈ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇಂದು ಕ್ಷಿಪಣಿಗಳ ವಿಷಯವಾಗಿ ನಾವಾಡುವ ಮಾತಿಗೂ ಅದು ಇಳಿದು ಬಂದಿದೆ. ಇಸ್ರೇಲಿನವರು ತಮ್ಮ ರಕ್ಷಣಾವ್ಯವಸ್ಥೆಯೊಂದನ್ನು ‘ಕಬ್ಬಿಣದ ಗುಮ್ಮಟ’ವೆಂದು ಕರೆದರು. ರಷ್ಯದಿಂದ ನಾವು ಕೊಂಡ ಎಸ್-400 ವ್ಯವಸ್ಥೆಗೆ ನಮ್ಮಲ್ಲಿ ‘ಸುದರ್ಶನ ಚಕ್ರ’ವೆಂಬ ಹೆಸರು ಬಂದಿತು. ‘ಅಭೇದ್ಯ ಕವಚ’ ಎಂಬುದಂತೂ ವೃತ್ತಪತ್ರಿಕೆಗಳಲ್ಲಿ ದಿನಬಳಕೆಯ ಮಾತಾಗಿಹೋಗಿದೆ.

2025ನೆಯ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಕ್ಷಿಪಣಿಗಳೂ ಡ್ರೋನುಗಳೂ ಹಾರಾಡಿದ ದಿನಗಳು ಕಳೆದ ಮೇಲೆ, ತರಗತಿಯಲ್ಲಿ ಕರ್ಣಪರ್ವದ ಪಾಠ ನಡೆಯುತ್ತಿದ್ದಾಗ, ಸೈನ್ಯದಲ್ಲಿ ಅಣ್ಣನಿರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ಬರುವ ಕ್ಷಿಪಣಿಯನ್ನು ನಿಜವಾಗಿಯೂ ತಡೆಯಬಹುದೇ ಸರ್, ಅಥವಾ ಅದೂ ಕಾವ್ಯವೇ?” ಪ್ರಶ್ನೆ ಕುಚೋದ್ಯದ್ದಾಗಿರಲಿಲ್ಲ. ಉತ್ತರದ ಮೇಲೆ ಅವನ ಮನೆಯವರ ನಿದ್ರೆ ನಿಂತಿತ್ತು. ನಾನು ಕನ್ನಡ ಪಾಠ ಹೇಳುವವನು. ರಾಡಾರಿನ ವಿದ್ಯೆ ನನ್ನದಲ್ಲ. ಆದರೆ ಈ ವಿಷಯವಾಗಿ ಎಂಬತ್ತು ವರ್ಷಗಳ ಇತಿಹಾಸ ಅಚ್ಚಾಗಿ ಎಲ್ಲರಿಗೂ ದೊರೆಯುವಂತಿದೆ. ಅದನ್ನು ಓದುತ್ತ ಹೋದಂತೆ ನನಗೆ ಕಂಡದ್ದೇನೆಂದರೆ, ಇಲ್ಲಿ ತೊಡಕು ಯಂತ್ರಗಳಲ್ಲಿ ಎಷ್ಟಿದೆಯೋ ‘ತಡೆ’ ಎಂಬ ಮಾತಿನಲ್ಲಿಯೂ ಅಷ್ಟೇ ಇದೆ. ಮಾತಿನ ತೊಡಕನ್ನು ಬಿಡಿಸುವುದು ಭಾಷೆಯ ಅಧ್ಯಾಪಕನ ಕೆಲಸವೇ ಆದುದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ಎಸೆದ ಕಲ್ಲಿನ ಹಾದಿ

ಕ್ಷಿಪಣಿಗಳೆಲ್ಲವೂ ಒಂದೇ ಜಾತಿಯವಲ್ಲ. ಕೆಲವು ವಿಮಾನದಂತೆ ರೆಕ್ಕೆಯ ಆಸರೆಯಿಂದ, ದಾರಿಯುದ್ದಕ್ಕೂ ಯಂತ್ರದ ಬಲದಿಂದ ಹಾರುತ್ತವೆ. ಇನ್ನು ಕೆಲವು ಮೊದಲ ಕೆಲವು ನಿಮಿಷ ಮಾತ್ರ ಉರಿದು, ಅನಂತರ ಕವಣೆಯಿಂದ ಬಿಟ್ಟ ಕಲ್ಲಿನಂತೆ ತಮ್ಮ ವೇಗದಿಂದಲೇ ಮೇಲೇರಿ, ಭೂಮಿಯ ಸೆಳೆತದಿಂದಲೇ ಕೆಳಗಿಳಿಯುತ್ತವೆ. ಲಂಡನ್ ನಗರವು ಈ ಎರಡು ಜಾತಿಗಳನ್ನೂ 1944ನೆಯ ಇಸವಿಯಲ್ಲಿಯೇ ಕಂಡಿತು. ಜರ್ಮನರ ವಿ-1 ಮೊದಲನೆಯ ಜಾತಿಯದು. ಅದರ ವೇಗ ಗಂಟೆಗೆ ಸುಮಾರು 640 ಕಿಲೋಮೀಟರ್. ರಾಡಾರಿನ ನೆರವು ಪಡೆದ ಫಿರಂಗಿಗಳು, ಗುರಿಯ ಸಮೀಪಕ್ಕೆ ಬಂದೊಡನೆ ತಾವಾಗಿಯೇ ಸಿಡಿಯುವ ಗುಂಡುಗಳು, ವೇಗದ ಯುದ್ಧವಿಮಾನಗಳು, ಇವೆಲ್ಲ ಕೂಡಿ ಕಾಲಕ್ರಮದಲ್ಲಿ ವಿ-1ಗಳ ಬಹುಭಾಗವನ್ನು ನೆಲಕ್ಕೆ ಕೆಡವಿದವು. ಆದರೆ ಆ ವರ್ಷದ ಸೆಪ್ಟೆಂಬರ್ 8ರಿಂದ ವಿ-2 ಬೀಳತೊಡಗಿತು. ಅದು ಎರಡನೆಯ ಜಾತಿಯದು. ಶಬ್ದಕ್ಕಿಂತ ಹಲವು ಪಟ್ಟು ಬೇಗ ಬರುತ್ತಿದ್ದುದರಿಂದ ಅದು ಸಿಡಿದ ಮೇಲೆಯೇ ಅದರ ಬರವಿನ ಸದ್ದು ಕೇಳಿಸುತ್ತಿತ್ತು. ಹಾರುತ್ತಿರುವ ವಿ-2 ಒಂದನ್ನು ತಡೆಯುವ ಉಪಾಯ ಯಾರ ಬಳಿಯಲ್ಲಿಯೂ ಇರಲಿಲ್ಲ. ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ಮಂದಿ ಅದಕ್ಕೆ ಬಲಿಯಾದರು. ಅದನ್ನು ಹಾರಿಸುತ್ತಿದ್ದ ನೆಲವು ಜರ್ಮನರ ಕೈತಪ್ಪಿದಾಗಲೇ, 1945ನೆಯ ಮಾರ್ಚಿ ತಿಂಗಳ ಕೊನೆಯಲ್ಲಿ, ಆ ಮಳೆ ನಿಂತದ್ದು.

ಎಸೆದ ಕಲ್ಲಿನ ಹಾದಿಯಲ್ಲಿ ರಕ್ಷಕನಿಗೆ ಒಂದು ಆಸೆಯೂ ಒಂದು ನಿರಾಸೆಯೂ ಇವೆ. ಹಾದಿಯ ಆರಂಭವನ್ನು ಕಂಡರೆ ಕೊನೆಯನ್ನು ಲೆಕ್ಕಹಾಕಬಹುದೆಂಬುದು ಆಸೆ. ಲೆಕ್ಕಹಾಕಲು ಸಮಯವಿಲ್ಲವೆಂಬುದು ನಿರಾಸೆ. ಖಂಡದಿಂದ ಖಂಡಕ್ಕೆ ಹೋಗುವ ಕ್ಷಿಪಣಿಯ ವೇಗ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್. ಒಂದು ಖಂಡದಿಂದ ಇನ್ನೊಂದಕ್ಕೆ ದಾಟಿ ಬರಲು ಅದಕ್ಕೆ ಸುಮಾರು ಅರ್ಧ ಗಂಟೆ ಸಾಕು. ಅದರ ಎದುರಿಗೆ ಇನ್ನೊಂದನ್ನು ಹಾರಿಸಿ ಡಿಕ್ಕಿ ಹೊಡೆಸುವುದೆಂದರೆ, ಕವಣೆಯ ಕಲ್ಲನ್ನು ಇನ್ನೊಬ್ಬನ ಕವಣೆಯ ಕಲ್ಲು ಆಕಾಶದಲ್ಲಿಯೇ ಹೊಡೆದಂತೆ. ಇದು ಅಸಾಧ್ಯವೆಂದು ಬಹುಕಾಲ ತಿಳಿಯಲಾಗಿತ್ತು. ಅಸಾಧ್ಯವಲ್ಲವೆಂದು ಇಂದು ಗೊತ್ತಾಗಿದೆ. ನಮ್ಮ ದೇಶವೂ ಅದನ್ನು ಮಾಡಿ ತೋರಿಸಿದೆ. ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯವರು 2006ನೆಯ ನವೆಂಬರ್ 27ರಂದು ಸುಮಾರು 48 ಕಿಲೋಮೀಟರ್ ಎತ್ತರದಲ್ಲಿಯೂ, 2007ನೆಯ ಡಿಸೆಂಬರ್ 6ರಂದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿಯೂ ಬರುವ ಕ್ಷಿಪಣಿಯನ್ನು ಹೊಡೆದರು. ಇಂತಹ ಪ್ರಯೋಗಗಳಿಗೆ ಕಣ್ಣಾದ ‘ಸ್ವೋರ್ಡ್‌ಫಿಶ್’ ರಾಡಾರು ಇಸ್ರೇಲಿನ ರಾಡಾರೊಂದರ ಆಧಾರದಿಂದ ರೂಪುಗೊಂಡದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ ಎಂಬುದು ಕನ್ನಡ ನಾಡಿನವರು ಅರಿತಿರಬೇಕಾದ ಸಂಗತಿ. ಒಂದು ಕಲ್ಲನ್ನು ಒಂದು ಕಲ್ಲಿನಿಂದ ಹೊಡೆಯಬಹುದು. ಇದರಲ್ಲಿ ಈಗ ವಾದವಿಲ್ಲ. ಪ್ರಯೋಗಭೂಮಿಯಿಂದ ಯುದ್ಧಭೂಮಿಗೆ ಬಂದಾಗ ಏನಾಗುತ್ತದೆಂಬುದೇ ವಿಚಾರಣೀಯ.

ದಹ್ರಾನಿನ ಒಂದು ರಾತ್ರಿ

1991ನೆಯ ಕೊಲ್ಲಿ ಯುದ್ಧದಲ್ಲಿ ಇರಾಕ್ ತನ್ನ ಸ್ಕಡ್ ಕ್ಷಿಪಣಿಗಳನ್ನು ಇಸ್ರೇಲ್ ಮತ್ತು ಸೌದಿ ಅರೇಬಿಯಗಳ ಮೇಲೆ ಹಾರಿಸಿತು. ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಅವನ್ನು ಎದುರಿಸಿತು. ಆ ವರ್ಷದ ಫೆಬ್ರವರಿ 15ರಂದು ಅಧ್ಯಕ್ಷ ಜಾರ್ಜ್ ಬುಷ್ ಅವರು ಪೇಟ್ರಿಯಟ್ ತಯಾರಾಗುವ ಕಾರ್ಖಾನೆಗೆ ಹೋಗಿ, ಎದುರಿಸಿದ 42 ಸ್ಕಡ್‌ಗಳಲ್ಲಿ 41ನ್ನು ತಡೆಯಲಾಗಿದೆಯೆಂದು ಸಾರಿದರು. ಇದಾಗಿ ಹತ್ತು ದಿನಗಳಿಗೆ, ಫೆಬ್ರವರಿ 25ರ ರಾತ್ರಿ, ಸೌದಿ ಅರೇಬಿಯದ ದಹ್ರಾನಿನಲ್ಲಿ ಒಂದು ಸ್ಕಡ್ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಅಮೆರಿಕನ್ ಸೈನಿಕರು ಸತ್ತರು. ಪೇಟ್ರಿಯಟ್ ಅಲ್ಲಿಯೇ ಇತ್ತು. ಆದರೆ ಅದು ಒಂದು ಬಾಣವನ್ನೂ ಬಿಡಲಿಲ್ಲ.

ಏಕೆ? ಕಾರಣವನ್ನು 1992ರಲ್ಲಿ ಅಮೆರಿಕದ ಲೆಕ್ಕಪರಿಶೋಧನಾ ಕಚೇರಿಯೇ ಪ್ರಕಟಿಸಿತು. ವ್ಯವಸ್ಥೆಯ ಗಣಕಯಂತ್ರವು ತಾನು ಚಾಲೂ ಆದಂದಿನಿಂದ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಹತ್ತನೆಯ ಒಂದು ಎಂಬ ಭಿನ್ನರಾಶಿಯನ್ನು ಗಣಕಯಂತ್ರದ ಸೊನ್ನೆ-ಒಂದುಗಳ ಲಿಪಿಯಲ್ಲಿ ನಿಃಶೇಷವಾಗಿ ಬರೆಯಲು ಬರುವುದಿಲ್ಲ. ಮೂರನೆಯ ಒಂದನ್ನು ನಾವು ದಶಮಾಂಶದಲ್ಲಿ ಬರೆಯಹೊರಟಾಗ ಬಾಲ ಮುಗಿಯದೆ ಬೆಳೆಯುವಂತೆ ಅಲ್ಲಿಯೂ ಬೆಳೆಯುತ್ತದೆ. ಆ ಬಾಲವನ್ನು 24 ಅಂಕಗಳಿಗೆ ಕತ್ತರಿಸಲಾಗಿತ್ತು. ಕತ್ತರಿಸಿದ ತುಣುಕು ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ದಹ್ರಾನಿನ ಯಂತ್ರವು ಬಿಡುವಿಲ್ಲದೆ 100 ಗಂಟೆಗಳಷ್ಟು ಕಾಲ ಓಡಿತ್ತು. ತುಣುಕುಗಳು ಸೇರಿ ಸೇರಿ ಅದರ ಎಣಿಕೆಯಲ್ಲಿ 0.34 ಸೆಕೆಂಡಿನ ವ್ಯತ್ಯಾಸ ಬಿದ್ದಿತು. ಕಣ್ಣೆವೆಯಿಕ್ಕುವ ಹೊತ್ತು! ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಮಿಕ್ಕ ದೂರ ಸಾಗಿರುತ್ತದೆ. ರಾಡಾರು ಅದನ್ನು ಒಮ್ಮೆ ಕಂಡು, ಮುಂದೆ ಎಲ್ಲಿರಬೇಕೆಂದು ಲೆಕ್ಕಹಾಕಿ, ತಪ್ಪು ಜಾಗದಲ್ಲಿ ಹುಡುಕಿ, ಅಲ್ಲಿ ಏನೂ ಕಾಣದೆ, ತಾನು ಕಂಡದ್ದೇ ಸುಳ್ಳೆಂದು ಸುಮ್ಮನಾಯಿತು.

ಈ ದೋಷದ ಸುಳಿವು ಮೊದಲೇ ಸಿಕ್ಕಿತ್ತೆಂಬುದು ಇನ್ನೂ ಮನಸ್ಸನ್ನು ಕಲಕುವ ಸಂಗತಿ. ಎಂಟು ಗಂಟೆ ಓಡಿದರೆ ಗುರಿ ಸರಿಯುತ್ತದೆಂದು ಇಸ್ರೇಲಿನವರು ಫೆಬ್ರವರಿ 11ರಂದೇ ತಿಳಿಸಿದ್ದರು. ಫೆಬ್ರವರಿ 21ರಂದು ಪೇಟ್ರಿಯಟ್ ಬಳಸುವವರಿಗೆಲ್ಲ ಒಂದು ಸಂದೇಶವೂ ಹೋಯಿತು: ಯಂತ್ರವು ಬಹಳ ಹೊತ್ತು ಓಡಿದರೆ ಗುರಿ ಸರಿಯಬಹುದು. ‘ಬಹಳ ಹೊತ್ತು’ ಎಂದರೆ ಎಷ್ಟು ಹೊತ್ತೆಂದು ಆ ಸಂದೇಶದಲ್ಲಿ ಹೇಳಿರಲಿಲ್ಲ. ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದರೆ ಎಣಿಕೆ ಸೊನ್ನೆಯಿಂದ ಆರಂಭವಾಗಿ ದೋಷ ತೊಲಗುತ್ತಿತ್ತು. ಅದಕ್ಕೆ ಒಂದೆರಡು ನಿಮಿಷ ಸಾಕಾಗಿತ್ತು. ತಿದ್ದಿದ ಗಣಕವಿಧಿಯೂ ಸಿದ್ಧವಾಗಿತ್ತು. ಅದು ದಹ್ರಾನನ್ನು ತಲುಪಿದ್ದು ಫೆಬ್ರವರಿ 26ರಂದು, ಅಂದರೆ ಸಾವುಗಳಾದ ಮರುದಿನ. ವಿಶೇಷಣದ ಜಾಗದಲ್ಲಿ ಒಂದು ಅಂಕೆಯನ್ನು ಬರೆದಿದ್ದರೆ 28 ಜೀವಗಳು ಉಳಿಯುತ್ತಿದ್ದವೋ ಏನೋ! ಪ್ರಬಂಧಗಳನ್ನು ತಿದ್ದುವಾಗ ‘ಬಹಳ’, ‘ಅತ್ಯಂತ’, ‘ಅನೇಕ’ ಎಂಬ ಮಾತುಗಳ ಕೆಳಗೆ ನಾನು ಗೆರೆ ಎಳೆಯುತ್ತೇನೆ. ಈ ವರದಿಯನ್ನು ಓದಿದ ಮೇಲೆ ಆ ಗೆರೆಯನ್ನು ಇನ್ನೂ ಒತ್ತಿ ಎಳೆಯುತ್ತಿದ್ದೇನೆ.

ಇನ್ನು ಅಧ್ಯಕ್ಷರ 41ರ ಗತಿಯೇನಾಯಿತು? ಯುದ್ಧ ಮುಗಿದ ಮೇಲೆ ಸೇನೆಯವರೇ ತಮ್ಮ ಲೆಕ್ಕವನ್ನು ಹಂತಹಂತವಾಗಿ ಇಳಿಸಿದರು. ಥಿಯೊಡೋರ್ ಪೋಸ್ಟಲ್ ಎಂಬ ವಿಜ್ಞಾನಿ ಚಲಚ್ಚಿತ್ರಗಳನ್ನು ಪರೀಕ್ಷಿಸಿ, ಸ್ಕಡ್‌ಗಳ ಸಿಡಿತಲೆಗಳು ನಾಶವಾದ ಸಾಕ್ಷ್ಯ ತೀರ ವಿರಳವೆಂದು ವಾದಿಸಿದರು. 1992ರ ಸಂಸದೀಯ ವಿಚಾರಣೆಯಲ್ಲಿ ಸೇನಾಧಿಕಾರಿಯೊಬ್ಬರು ‘ತಡೆಯಲಾಯಿತು’ ಎಂಬುದಕ್ಕೆ ಅರ್ಥ ಹೇಳಿದರು: ಎರಡು ಕ್ಷಿಪಣಿಗಳ ಹಾದಿ ಆಕಾಶದಲ್ಲಿ ಒಂದನ್ನೊಂದು ಹಾಯ್ದವು ಎಂದಷ್ಟೇ! ಹಾದಿ ಹಾಯುವುದು, ತಾಗುವುದು, ಸಿಡಿತಲೆ ನಾಶವಾಗುವುದು, ಕೆಳಗಿರುವ ಮನುಷ್ಯನು ಬದುಕಿಕೊಳ್ಳುವುದು, ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಮನೆಯಲ್ಲಿ ಕುಳಿತು ಸುದ್ದಿ ಓದುವವನು ನಾಲ್ಕನೆಯದನ್ನು ಭಾವಿಸಿಕೊಳ್ಳುತ್ತಾನೆ. ಸುದ್ದಿ ಕೊಡುವವನು ಮೊದಲನೆಯದನ್ನು ಹೇಳಿರಬಹುದು.

ಘಟೋತ್ಕಚನ ಪಾಠ

ಭಾರತದ ಕಥೆಯಲ್ಲಿ ನಿಜವಾಗಿ ಅಭೇದ್ಯವಾದ ಕವಚವನ್ನು ಹೊತ್ತು ಹುಟ್ಟಿದವನು ಕರ್ಣನೊಬ್ಬನೇ. ಯುದ್ಧದ ಹೊತ್ತಿಗೆ ಅದು ಅವನ ಮೈಮೇಲಿರಲಿಲ್ಲ. ಅದನ್ನು ಇಂದ್ರನಿಗೆ ಕೊಟ್ಟು ಪಡೆದ ಶಕ್ತ್ಯಾಯುಧ ಒಮ್ಮೆ ಮಾತ್ರ ಬಳಸಬಹುದಾದದ್ದು, ಅರ್ಜುನನಿಗೆಂದು ಕಾದಿಟ್ಟದ್ದು. ಕೃಷ್ಣನು ರಾತ್ರಿಯುದ್ಧದಲ್ಲಿ ಘಟೋತ್ಕಚನನ್ನು ಮುಂದೆ ಬಿಟ್ಟನು. ಕೌರವಸೇನೆ ನುಚ್ಚುನೂರಾಗುತ್ತಿರಲು ಕರ್ಣನು ಬೇರೆ ದಾರಿ ಕಾಣದೆ ಶಕ್ತಿಯನ್ನು ಅವನ ಮೇಲೆ ಪ್ರಯೋಗಿಸಿದನು. ಘಟೋತ್ಕಚನು ಬಿದ್ದನು, ಬತ್ತಳಿಕೆಯೂ ಬರಿದಾಯಿತು. ಇಂದಿನ ಕ್ಷಿಪಣಿರಕ್ಷಣೆಯ ಅತಿ ದೊಡ್ಡ ಸಮಸ್ಯೆ ಇದೇ.

ಖಂಡಾಂತರ ಕ್ಷಿಪಣಿಯು ತನ್ನ ಪಯಣದ ಹೆಚ್ಚಿನ ಭಾಗವನ್ನು ಗಾಳಿಯೇ ಇಲ್ಲದ ಎತ್ತರದಲ್ಲಿ ಕಳೆಯುತ್ತದೆ. ಗಾಳಿಯಿಲ್ಲದೆಡೆಯಲ್ಲಿ ಕಬ್ಬಿಣದ ಗುಂಡೂ ಹಕ್ಕಿಯ ಗರಿಯೂ ಒಂದೇ ಬಗೆಯಾಗಿ ಚಲಿಸುತ್ತವೆ. ಆದುದರಿಂದ ಸಿಡಿತಲೆಯ ಜೊತೆಗೆ ಲೋಹದ ಲೇಪವುಳ್ಳ ಹಗುರವಾದ ಬೆಲೂನುಗಳನ್ನು ಹಾರಿಬಿಟ್ಟರೆ, ಯಾವುದು ನಿಜ, ಯಾವುದು ಹುಸಿ ಎಂದು ದೂರದಿಂದ ಹೇಳುವುದು ಬಹು ಕಷ್ಟ. ಎಲ್ಲವನ್ನೂ ಹೊಡೆಯಹೋದರೆ ಬತ್ತಳಿಕೆ ಬರಿದು. ಆರಿಸಿ ಹೊಡೆಯಹೋದರೆ ಸಿಡಿತಲೆ ತಪ್ಪಿಸಿಕೊಂಡೀತು. ಹ್ಯಾನ್ಸ್ ಬೆಥೆ ಮತ್ತು ರಿಚರ್ಡ್ ಗಾರ್ವಿನ್ ಎಂಬ ಭೌತವಿಜ್ಞಾನಿಗಳು 1968ರಲ್ಲಿಯೇ ಇದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದರು. ಆದರೂ ಅಮೆರಿಕ ಉತ್ತರ ಡಕೋಟದಲ್ಲಿ ‘ಸೇಫ್‌ಗಾರ್ಡ್’ ಎಂಬ ವ್ಯವಸ್ಥೆಯನ್ನು ಅಪಾರ ವೆಚ್ಚದಲ್ಲಿ ಕಟ್ಟಿತು. ಅದು ಪೂರ್ಣವಾಗಿ ಸಿದ್ಧವಾದದ್ದು 1975ನೆಯ ಅಕ್ಟೋಬರ್ 1ರಂದು; ಅದನ್ನು ಮುಚ್ಚಬೇಕೆಂದು ಪ್ರತಿನಿಧಿ ಸಭೆ ಮತ ನೀಡಿದ್ದು ಅದರ ಮರುದಿನವೇ! ಈಗ ಅಲಾಸ್ಕ ಮತ್ತು ಕ್ಯಾಲಿಫೋರ್ನಿಯಗಳಲ್ಲಿ ಇರಿಸಿರುವ ಹೊಸ ವ್ಯವಸ್ಥೆಯು, ಯುದ್ಧದ ಗೊಂದಲವಿಲ್ಲದ ಪರೀಕ್ಷೆಗಳಲ್ಲಿಯೂ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಲ ಮಾತ್ರ ಗುರಿ ತಾಗಿದೆ.

ಹಾಗೆಂದು ರಕ್ಷಣೆ ವ್ಯರ್ಥವೆಂದು ತೀರ್ಮಾನಿಸುವುದು ಇನ್ನೊಂದು ಬಗೆಯ ಉತ್ಪ್ರೇಕ್ಷೆಯಾದೀತು. 2011ರಿಂದ ಬಳಕೆಯಲ್ಲಿರುವ ಇಸ್ರೇಲಿನ ‘ಕಬ್ಬಿಣದ ಗುಮ್ಮಟ’ ಸಮೀಪದಿಂದ ಬರುವ ಸಣ್ಣ ರಾಕೆಟ್ಟುಗಳನ್ನು ಎದುರಿಸುವಂಥದು. ಪ್ರತಿಯೊಂದು ಎಲ್ಲಿ ಬೀಳುತ್ತದೆಂದು ಲೆಕ್ಕಹಾಕಿ, ಬಯಲಿಗೆ ಬೀಳುವುದನ್ನು ಬೀಳಗೊಟ್ಟು, ಜನವಸತಿಯ ಕಡೆಗೆ ಬರುವುದನ್ನು ಮಾತ್ರ ಅದು ಹೊಡೆಯುತ್ತದೆ. ಅದರಿಂದ ಉಳಿದ ಜೀವಗಳು ಬಹಳ. 2024ನೆಯ ಏಪ್ರಿಲ್ ಮಧ್ಯದಲ್ಲಿ ಇರಾನ್ 300ಕ್ಕೂ ಹೆಚ್ಚು ಡ್ರೋನು, ಕ್ಷಿಪಣಿಗಳನ್ನು ಕಳಿಸಿದಾಗ, ಇಸ್ರೇಲ್ ತನ್ನ ಬೇರೆ ವ್ಯವಸ್ಥೆಗಳಿಂದಲೂ ಮಿತ್ರದೇಶಗಳ ನೆರವಿನಿಂದಲೂ ಅವುಗಳಲ್ಲಿ ಬಹುಪಾಲನ್ನು ಕೆಡವಿತು. ಆದರೆ ಅದೇ ವರ್ಷದ ಅಕ್ಟೋಬರ್ 1ರಂದು ಸುಮಾರು 200 ವೇಗದ ಕ್ಷಿಪಣಿಗಳು ಒಟ್ಟಿಗೆ ಬಂದಾಗ ಹಲವು ಒಳನುಗ್ಗಿ ವಾಯುನೆಲೆಯ ಆವರಣದಲ್ಲಿ ಬಿದ್ದವು. 2025ನೆಯ ಜೂನ್ ತಿಂಗಳ ಹನ್ನೆರಡು ದಿನಗಳ ಯುದ್ಧದಲ್ಲಿ ಬಹುಪಾಲು ಕ್ಷಿಪಣಿಗಳನ್ನು ತಡೆದರೂ ಇಸ್ರೇಲಿನಲ್ಲಿ ಸುಮಾರು 30 ಜನ ಸತ್ತರು. ರಕ್ಷಣೆಗೆ ನಿಂತವರ ಬಾಣಗಳ ಸಂಗ್ರಹವೂ ಕಳವಳವಾಗುವಷ್ಟು ಕರಗಿತು. ಇಲ್ಲಿ ವೆಚ್ಚದ ಮಾತೂ ಬರುತ್ತದೆ. ಈಚಿನ ಪೇಟ್ರಿಯಟ್ ಬಾಣವೊಂದರ ಬೆಲೆ ಸುಮಾರು 40 ಲಕ್ಷ ಡಾಲರ್. ಅದನ್ನು ಖರ್ಚುಮಾಡಿಸಲು ವೈರಿ ಕಳಿಸುವ ಡ್ರೋನಿನ ಬೆಲೆ ಅದರ ಒಂದು ಸಣ್ಣ ಅಂಶ. ಘಟೋತ್ಕಚರು ಅಗ್ಗವಾಗಿದ್ದಾರೆ, ಶಕ್ತ್ಯಾಯುಧ ದುಬಾರಿಯಾಗಿದೆ.

ನೂರರಲ್ಲಿ ತೊಂಬತ್ತು

ಇನ್ನು ಸ್ವಲ್ಪ ಗಣಿತ, ವಾಚಕರು ಬೇಸರಿಸಬಾರದು. ಒಂದು ಪ್ರತಿಬಂಧಕ ಬಾಣವು ಹತ್ತಕ್ಕೆ ಎಂಟು ಸಲ ಗುರಿ ತಾಗುತ್ತದೆಂದು ಇಟ್ಟುಕೊಳ್ಳೋಣ. ಬರುವ ಒಂದೊಂದು ಕ್ಷಿಪಣಿಗೂ ಎರಡೆರಡು ಬಾಣಗಳನ್ನು ಬಿಟ್ಟರೆ, ಒಂದರ ಸೋಲು ಇನ್ನೊಂದಕ್ಕೆ ತಟ್ಟದಿದ್ದಲ್ಲಿ, ಅದನ್ನು ಕೆಡವುವ ಸಂಭವ ನೂರಕ್ಕೆ 96. ಕೇಳಲು ಇದು ಸೊಗಸಾಗಿದೆ. ಆದರೆ ಹತ್ತು ಕ್ಷಿಪಣಿಗಳು ಬಂದರೆ, ಹತ್ತನ್ನೂ ಕೆಡವುವ ಸಂಭವ ನೂರಕ್ಕೆ 66 ಮಾತ್ರ. ಅಂದರೆ ಕನಿಷ್ಠ ಒಂದಾದರೂ ಒಳಬರುವ ಸಂಭವ ಮೂರರಲ್ಲಿ ಒಂದು. ಅದಲ್ಲದೆ ದಹ್ರಾನಿನಲ್ಲಿ ಕಂಡಂತೆ ದೋಷವು ಮೂಲದಲ್ಲಿಯೇ ಇದ್ದರೆ ಎರಡಲ್ಲ, ನಾಲ್ಕು ಬಾಣಗಳಿದ್ದರೂ ಫಲವಿಲ್ಲ.

ಒಳಬರುವ ಆ ಒಂದರ ಹೊಟ್ಟೆಯಲ್ಲಿ ಏನಿದೆಯೆಂಬುದರ ಮೇಲೆ ಎಲ್ಲವೂ ನಿಂತಿದೆ. ಸಾಮಾನ್ಯ ಸಿಡಿಮದ್ದಾದರೆ, ನೂರರಲ್ಲಿ ತೊಂಬತ್ತನ್ನು ತಡೆದ ವ್ಯವಸ್ಥೆ ಕೊಂಡಾಡಲು ಯೋಗ್ಯವಾದದ್ದು. ತೊಂಬತ್ತು ಬೀದಿಗಳು ಉಳಿದವು. ಅಣ್ವಸ್ತ್ರವಾದರೆ, ಅದೇ ತೊಂಬತ್ತರ ಅರ್ಥ ಹತ್ತು ನಗರಗಳು ಹೋದವು ಎಂದು. ಅಂಕೆ ಒಂದೇ, ಒಂದೆಡೆ ಅದು ಗೆಲುವು, ಇನ್ನೊಂದೆಡೆ ಸರ್ವನಾಶ. ಆದಕಾರಣ ‘ಕ್ಷಿಪಣಿಯನ್ನು ತಡೆಯಬಹುದೇ?’ ಎಂಬುದು ಒಂದು ಪ್ರಶ್ನೆಯಲ್ಲ. ಯಾವ ಜಾತಿಯ ಕ್ಷಿಪಣಿ, ಒಮ್ಮೆಗೆ ಎಷ್ಟು, ಅದರೊಳಗೆ ಏನು, ಈ ಮೂರನ್ನೂ ಕೇಳದೆ ಕೊಟ್ಟ ಉತ್ತರ ಉತ್ತರವೇ ಅಲ್ಲ. ನಮ್ಮ ಉಪಖಂಡದಲ್ಲಂತೂ ನೆರೆಯ ದೇಶಗಳ ನಡುವೆ ಅರ್ಧ ಗಂಟೆಯ ಅವಕಾಶವೂ ಇಲ್ಲ. ಕ್ಷಿಪಣಿಯ ಪಯಣ ಕೆಲವೇ ನಿಮಿಷಗಳದು.

ನಾರಾಯಣಾಸ್ತ್ರದ ಸ್ವಭಾವ

ದ್ರೋಣನ ಮರಣಾನಂತರ ಅಶ್ವತ್ಥಾಮನು ನಾರಾಯಣಾಸ್ತ್ರವನ್ನು ಬಿಟ್ಟನು. ಎದುರಿಸಿದಷ್ಟೂ ಬೆಳೆಯುವುದು ಆ ಅಸ್ತ್ರದ ಸ್ವಭಾವ. ಕಳೆದ ಶತಮಾನದ ಇತಿಹಾಸದಲ್ಲಿಯೂ ಇಂತಹುದೊಂದು ನಡೆಯಿತು. ಒಬ್ಬನು ಕವಚ ತೊಡುವನೆಂಬ ಸಂಶಯ ಬಂದೊಡನೆ ಇನ್ನೊಬ್ಬನು ಬಾಣಗಳನ್ನು ಹೆಚ್ಚಿಸಿದನು. ಒಂದೇ ಕ್ಷಿಪಣಿಯ ತಲೆಯಲ್ಲಿ ಬೇರೆ ಬೇರೆ ಗುರಿಗಳಿಗೆ ಹೋಗುವ ಹಲವು ಸಿಡಿತಲೆಗಳನ್ನು ಅಮೆರಿಕ 1970ರಲ್ಲಿ ನೆಲೆಗೊಳಿಸಿತು. ಸೋವಿಯೆತ್ ದೇಶದ ಪ್ರತಿಬಂಧಕಗಳನ್ನು ಭೇದಿಸಬೇಕೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಈ ಸುಳಿಯ ಅರಿವಾದುದರಿಂದಲೇ ಎರಡೂ ದೇಶಗಳು 1972ನೆಯ ಮೇ 26ರಂದು ಮಾಸ್ಕೋದಲ್ಲಿ, ತಾವು ಕವಚವನ್ನೇ ಮಿತವಾಗಿ ತೊಡುವೆವೆಂದು ಒಪ್ಪಂದ ಮಾಡಿಕೊಂಡವು. ಕವಚವನ್ನು ಕಳಚಿಡುವುದರಲ್ಲಿ ಕ್ಷೇಮವುಂಟೆಂಬ ಆ ವಿಚಿತ್ರವಾದ ವಿವೇಕ ಮೂವತ್ತು ವರ್ಷ ನಿಂತಿತು. 2002ನೆಯ ಜೂನ್ ತಿಂಗಳಲ್ಲಿ ಅಮೆರಿಕ ಅದರಿಂದ ಹೊರಬಂದಿತು. 2018ನೆಯ ಮಾರ್ಚಿಯಲ್ಲಿ ರಷ್ಯದ ಅಧ್ಯಕ್ಷ ಪುಟಿನ್, ಯಾವ ರಕ್ಷಣೆಯೂ ತಡೆಯಲಾರದಂತಹವೆಂದು ಹೇಳಿ ಹೊಸ ಅಸ್ತ್ರಗಳನ್ನು ಪ್ರದರ್ಶಿಸಿ, ಒಪ್ಪಂದವನ್ನು ಬಿಟ್ಟದ್ದಕ್ಕೆ ಇದೇ ಉತ್ತರವೆಂದರು.

ನಾರಾಯಣಾಸ್ತ್ರಕ್ಕೆ ಕೃಷ್ಣನು ಕಂಡ ಉಪಾಯ ಆಯುಧಗಳನ್ನು ಕೆಳಗಿಡುವುದು. ಇದನ್ನು ಹಾಗೆಹಾಗೆಯೇ ಇಂದಿಗೆ ಅನ್ವಯಿಸಿ, ಗಡಿಯಲ್ಲಿ ಕಾವಲಿರುವವನಿಗೆ ರಾಡಾರನ್ನು ಆರಿಸಿಬಿಡು ಎಂದು ಹೇಳುವ ಧೈರ್ಯ ನನಗಿಲ್ಲ. ಹೇಳುವುದು ನ್ಯಾಯವೂ ಅಲ್ಲ. ತರಗತಿಯ ಆ ಹುಡುಗನ ಅಣ್ಣನ ನೆತ್ತಿಯ ಮೇಲೆ ನೂರಕ್ಕೆ ತೊಂಬತ್ತರ ಕೊಡೆಯಾದರೂ ಇರಲಿ. ಅದನ್ನು ಇನ್ನಷ್ಟು ಬಲಪಡಿಸಲು ದುಡಿಯುವ ವಿಜ್ಞಾನಿಗಳಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ನನ್ನ ತಕರಾರು ಕೊಡೆಯನ್ನು ಕುರಿತದ್ದಲ್ಲ. ಕೊಡೆಯನ್ನು ಅಭೇದ್ಯವೆಂದು ಕರೆಯುವ ಮಾತನ್ನು ಕುರಿತದ್ದು. ಕವಚವು ಅಭೇದ್ಯವೆಂದು ನಂಬಿದ ಜನತೆ ಯುದ್ಧವನ್ನು ಹಗುರವಾಗಿ ಕಾಣುತ್ತದೆ. ನಂಬಿದ ಆಳರಸರು ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾರೆ. ಹಾರಿಬಿಟ್ಟ ಕ್ಷಿಪಣಿಯನ್ನು ಹಿಂದಕ್ಕೆ ಕರೆಯುವ ಮಂತ್ರವಾದರೋ ಯಾರಿಗೂ ತಿಳಿಯದು.

ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ, ಅರ್ಜುನರ ಮಹಾಸ್ತ್ರಗಳು ಎದುರುಬದುರಾದಾಗ ಅಸ್ತ್ರವು ಅಸ್ತ್ರವನ್ನು ತಡೆಯಲಿಲ್ಲ. ನಡುವೆ ವ್ಯಾಸನಾರದರು ಬಂದು ನಿಂತರು. ಅರ್ಜುನನು ಹಿಂತೆಗೆದನು, ಹಿಂತೆಗೆಯುವ ವಿದ್ಯೆ ಅಶ್ವತ್ಥಾಮನಿಗೆ ಇರಲಿಲ್ಲ. ನಡುವೆ ನಿಲ್ಲುವ ಇಂತಹ ಕೆಲಸವನ್ನು ನಮ್ಮ ಕಾಲದಲ್ಲಿ ಮಾಡುವುದು ಬಹುಮಟ್ಟಿಗೆ ಕೆಲವು ಕಾಗದಗಳು. ಭಾರತ, ಪಾಕಿಸ್ತಾನಗಳು 1988ರ ಒಪ್ಪಂದದಂತೆ, ಪರಸ್ಪರ ದಾಳಿ ಮಾಡಕೂಡದ ಅಣುಸ್ಥಾವರಗಳ ಪಟ್ಟಿಯನ್ನು 1992ರಿಂದ ವರ್ಷವರ್ಷವೂ ಜನವರಿ 1ರಂದು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. 2005ರ ಒಪ್ಪಂದದಂತೆ, ಕ್ಷಿಪಣಿಯ ಪರೀಕ್ಷೆಗೆ ಮೊದಲು ಒಬ್ಬರಿಗೊಬ್ಬರು ತಿಳಿಸಬೇಕು. ಪರೀಕ್ಷೆಯನ್ನು ಯುದ್ಧವೆಂದು ಭ್ರಮಿಸಬಾರದೆಂಬುದೇ ಅದರ ಉದ್ದೇಶ. ಇವಕ್ಕೆ ಸುದರ್ಶನದ ಹೆಸರಿಲ್ಲ. ಇವುಗಳ ಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬರುವುದಿಲ್ಲ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬಂದಾಗ ನಮ್ಮ ವಿದ್ಯಾರ್ಥಿಗಳು ಅದನ್ನೂ ನಿಂತು ಓದಲಿ. ಮುಖಪುಟದಲ್ಲಿ ‘ತಡೆಯಲಾಯಿತು’ ಎಂದು ಕಂಡಾಗ ಯಾವುದು, ಎಷ್ಟು, ಒಳಗೇನಿತ್ತು ಎಂದು ಕೇಳಲಿ.